ಲ್ಯಾಬ್‌ವ್ಯೂ: ಮತ್ತೆ ಮತ್ತೆ ಕಂಪೈಲ್ ಏಕೆ?

ಸಾಯಗಾಂವದಿಂದ ಭಾಲ್ಕಿಯ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬ, ನೀರು ತಣಿಯುವ ದರವನ್ನು ಥರ್ಮಿಸ್ಟರಿನಿಂದ ಅಳೆಯಲು ಲ್ಯಾಬ್‌ವ್ಯೂನಲ್ಲಿ ಪ್ರೋಗ್ರಾಂ ರಚಿಸಿದ್ದಾನೆ ಎಂದುಕೊಳ್ಳಿ. ಏನನ್ನೂ ಬದಲಿಸದಿದ್ದರೂ ತೆರೆದಾಗಲೆಲ್ಲ ಅದು ಮತ್ತೆ ಕಂಪೈಲ್ ಆಗುತ್ತದೆ. ಅದು ಮುಗಿಯುವಷ್ಟರಲ್ಲಿ ಬೀಕರಿನ ನೀರು ತಣಿಯತೊಡಗಿ, ಮೊದಲ ಅಳತೆಗಳೇ ತಪ್ಪಿಹೋಗುತ್ತವೆ. ಹೀಗೇಕೆ?

1986ರಲ್ಲಿ ಮೆಕಿಂತಾಷ್ ಗಣಕಕ್ಕಾಗಿ ಹೊರಬಂದ ಲ್ಯಾಬ್‌ವ್ಯೂನಲ್ಲಿ ಪ್ರೋಗ್ರಾಂ ಎಂದರೆ ತಂತಿಗಳಿಂದ ಜೋಡಿಸಿದ ಚಿತ್ರ. ಅದನ್ನು ಯಂತ್ರಸಂಕೇತವಾಗಿ ಪರಿವರ್ತಿಸುವುದೇ ಕಂಪೈಲ್. ಸಾಮಾನ್ಯವಾಗಿ ಚಿತ್ರ, ಸಂಕೇತ ಎರಡೂ ಒಂದೇ ಕಡತದಲ್ಲಿರುತ್ತವೆ. ಹಳೆಯ ಆವೃತ್ತಿಯ ಕಡತವನ್ನು ಹೊಸ ಆವೃತ್ತಿಯಲ್ಲಿ ತೆರೆದರೆ, ಇಲ್ಲವೇ ಅದು ಬಳಸುವ ಉಪಪ್ರೋಗ್ರಾಂನ ಜೋಡಣೆ ಅಥವಾ ದತ್ತಾಂಶದ ವಿಧ ಬದಲಾಗಿದ್ದರೆ, ಹೊಸ ಸಂಕೇತ ಬೇಕಾಗುತ್ತದೆ. ಅದು ಗಣಕದ ಸ್ಮೃತಿಯಲ್ಲಷ್ಟೇ ತಯಾರಾಗುತ್ತದೆ. ಉಳಿಸದೆ ಮುಚ್ಚಿದರೆ ನಾಳೆ ಮತ್ತದೇ ಕೆಲಸ.

ಪರಿಹಾರಕ್ಕೆ ಈ ಕ್ರಮ ಅನುಸರಿಸಿ:

1. ಮೊದಲು ಇಡೀ ಫೋಲ್ಡರಿನ ಪ್ರತಿ ತೆಗೆದಿಡಿ.

2. ಫೈಲ್ ಮೆನುವಿನ ‘ವಿಐ ಪ್ರಾಪರ್ಟೀಸ್’ನಲ್ಲಿ ‘ಲಿಸ್ಟ್ ಅನ್‌ಸೇವ್ಡ್ ಚೇಂಜಸ್’ ಒತ್ತಿ, ಬದಲಾವಣೆಯ ಕಾರಣ ಓದಿ.

3. ಆವೃತ್ತಿಯೇ ಕಾರಣವಾದರೆ ಟೂಲ್ಸ್ ಮೆನುವಿನ ‘ಮಾಸ್ ಕಂಪೈಲ್’ನಿಂದ ಎಲ್ಲವನ್ನೂ ಒಮ್ಮೆಗೇ ಕಂಪೈಲ್ ಮಾಡಿ ಉಳಿಸಿ. ಬಳಿಕ ಹಳೆಯ ಆವೃತ್ತಿ ಅವನ್ನು ತೆರೆಯಲಾರದು. ಆದ್ದರಿಂದ ಪ್ರಯೋಗಾಲಯದ ಎಲ್ಲ ಗಣಕಗಳಲ್ಲೂ ಒಂದೇ ಆವೃತ್ತಿ ಇರಲಿ.

4. ಫೋಲ್ಡರ್ ಓದಲು ಮಾತ್ರ ತೆರೆದಿದೆಯೇ, ಒಂದೇ ಹೆಸರಿನ ಉಪಪ್ರೋಗ್ರಾಂ ಎರಡು ಕಡೆ ಇದೆಯೇ ಪರೀಕ್ಷಿಸಿ.

5. 2010ರ ಆವೃತ್ತಿಯಿಂದೀಚೆಗೆ ಸಂಕೇತವನ್ನು ಕಡತದಿಂದ ಬೇರ್ಪಡಿಸಿಡುವ ಆಯ್ಕೆಯಿದೆ. ಆಗ ಬರೀ ಮರು-ಕಂಪೈಲ್‌ನಿಂದ ಮೂಲ ಕಡತ ಬದಲಾಗದು. ಹಲವರು ಒಂದೇ ಪ್ರಾಜೆಕ್ಟ್ ಹಂಚಿಕೊಳ್ಳುವಾಗ ಇದು ಅನುಕೂಲ.

ಕೊನೆಗೆ ಲ್ಯಾಬ್‌ವ್ಯೂ ಮುಚ್ಚಿ, ಮತ್ತೆ ತೆರೆಯಿರಿ. ಪ್ರೋಗ್ರಾಂನ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಕಾಣದಿದ್ದರೆ ನೀರು ಕಾಯಿಸಲು ಇಡಬಹುದು.