ಗುಡಾರದ ಮಕ್ಕಳಿಗೆ ಟೆಂಟ್ ಶಾಲೆ

ಭದ್ರಾ ನಾಲೆಯ ಕೊನೆ ಭಾಗದ ಊರು ಮಲೆಬೆನ್ನೂರು. ಭತ್ತದ ಕೊಯ್ಲು ಮುಗಿದರೆ ಗದ್ದೆ ಬಯಲಿಗೆ ಕುರಿ ಮಂದೆ ಇಳಿಯುತ್ತದೆ, ಜೊತೆಗೆ ಕುರಿಗಾಹಿಗಳ ಸಂಸಾರವೂ. ಇತ್ತ ಹರಿಹರ, ದಾವಣಗೆರೆ ಸುತ್ತ ಇಟ್ಟಿಗೆ ಭಟ್ಟಿ, ಕಬ್ಬು ಕಟಾವು ಎಂದು ಗುಳೆ ಬಂದವರ ಗುಡಾರಗಳು. ಮೇಸ್ತ್ರಿಯಿಂದ ಮುಂಗಡ ಪಡೆದವರು ಹಂಗಾಮು ಮುಗಿಯದೆ ಊರಿಗೆ ಮರಳುವಂತಿಲ್ಲ. ಮಗುವಿನ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿಯುತ್ತದೆ, ಮಗು ಮಾತ್ರ ಇಲ್ಲಿರುತ್ತದೆ.

ಇಂಥ ಮಕ್ಕಳಿಗಾಗಿ ರಾಜ್ಯದಲ್ಲಿ ಸರ್ವ ಶಿಕ್ಷಣ ಅಭಿಯಾನದ ಕಾಲದಿಂದ ನಡೆದುಬಂದಿರುವುದು ಟೆಂಟ್ ಶಾಲೆ. ಕೂಲಿಗಾರರು ಬೀಡುಬಿಟ್ಟ ಕಡೆಯೇ ಪಾಠ. ಇದಕ್ಕೆ ಹೇಳಿಮಾಡಿಸಿದಂತಿರುವುದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ. ಬೇರೆ ಬೇರೆ ತರಗತಿಯ ಚಿಕ್ಕ ಮಕ್ಕಳು ಗುಂಪಾಗಿ ಒಟ್ಟಿಗೆ ಕೂರುತ್ತಾರೆ. ಗೋಡೆಗೆ ಕಲಿಕಾ ಏಣಿಯ ಚಿತ್ರ, ಮುಂದೆ ಕಾರ್ಡುಗಳ ರಾಶಿ. ತಾನು ಯಾವ ಮೆಟ್ಟಿಲಲ್ಲಿ ನಿಂತಿದೆಯೋ ಅಲ್ಲಿಂದ ಮಗು ಕಾರ್ಡು ಎತ್ತಿಕೊಳ್ಳುತ್ತದೆ. ಎರಡು ತಿಂಗಳು ತಪ್ಪಿಸಿಕೊಂಡು ಬಂದರೂ 'ಪಾಠ ಮುಂದೆ ಹೋಯ್ತು' ಎನ್ನುವ ಅವಮಾನವಿಲ್ಲ. ಅಲೆಯುವ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರ ನನಗೆ ತೋಚುವುದಿಲ್ಲ.

ಹತ್ತಿರದ ಸರ್ಕಾರಿ ಶಾಲೆಗೇ ಸೇರಿಸುವುದಾದರೂ ಕಾನೂನು ಮಗುವಿನ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ಬರುವುದು ತಡವಾಯಿತೆಂದೋ ಜನನ ಪ್ರಮಾಣಪತ್ರ ಇಲ್ಲವೆಂದೋ ಯಾವ ಶಾಲೆಯೂ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಸೂರಿಲ್ಲದ ಮಕ್ಕಳಿಗೆ ಅಮೆರಿಕವೂ 1987ರ ಮೆಕಿನ್ನಿ-ವೆಂಟೊ ಕಾಯ್ದೆಯಲ್ಲಿ ಇಂಥದೇ ರಕ್ಷಣೆ ಕೊಟ್ಟಿದೆ: ಮೊದಲು ದಾಖಲಾತಿ, ಕಾಗದ ಪತ್ರ ಆಮೇಲೆ.

ತೊಡಕಿರುವುದು ದೊಡ್ಡ ಮಕ್ಕಳಲ್ಲಿ. ತಾಯಿ ಕೆಲಸಕ್ಕೆ ಹೋದರೆ ಹತ್ತು ವರ್ಷದ ಅಕ್ಕನ ಸೊಂಟದ ಮೇಲೆ ತಮ್ಮ. ಅವನನ್ನು ಒಳಗೆ ಬಿಡದ ಶಾಲೆಗೆ ಅವಳೂ ಬರುವುದಿಲ್ಲ. ಟೆಂಟ್ ಶಾಲೆಯ ಪಕ್ಕದಲ್ಲೇ ಕೂಸುಗಳಿಗೂ ಒಂದು ನೆರಳು ಇರಲೇಬೇಕು. ಹದಿನಾಲ್ಕು ತುಂಬಿದ ಮೇಲಂತೂ ಕಡ್ಡಾಯ ಶಿಕ್ಷಣದ ಕಾಯ್ದೆಯೇ ಕೈಬಿಡುತ್ತದೆ; ಹುಡುಗರು ಭಟ್ಟಿಯಲ್ಲಿ ಅಪ್ಪನ ಜೊತೆ ಇಟ್ಟಿಗೆ ಹೊರತೊಡಗುತ್ತಾರೆ. ಅವರ ಓದು ಮುಂದುವರಿಯಲು ಊರಿನಲ್ಲೇ ಹಾಸ್ಟೆಲ್ ಸೀಟು ಸಿಗಬೇಕು, ಅದೂ ಗುಳೆ ಹೊರಡುವ ಮೊದಲೇ.

ನಿಮ್ಮ ಹೊಲದ ಬದಿಯಲ್ಲಿ ಗುಡಾರ ಎದ್ದರೆ ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರಿಗೋ ಹರಿಹರದ ಬಿಇಒ ಕಚೇರಿಗೋ ಸುದ್ದಿ ಮುಟ್ಟಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು, ಅದು ಉಚಿತ.