ದುರಂತ ಕಾದಂಬರಿಯೂ ತರುಣ ವಾಚಕರೂ

ದುಃಖದಲ್ಲಿ ಮುಗಿಯುವ ಕಾದಂಬರಿಯನ್ನು ಎಳೆಯರ ಕೈಗೆ ಕೊಡಬಹುದೇ ಎಂಬ ಪ್ರಶ್ನೆ ಮನೆಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಮತ್ತೆ ಮತ್ತೆ ಏಳುತ್ತದೆ. ಪ್ರಶ್ನೆಯೇನೋ ಹೊಸದಲ್ಲ. ಗ್ರೀಸಿನ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ, ರಾಜ್ಯರಕ್ಷಕರಾಗಬೇಕಾದ ಬಾಲಕರು ವೀರರ ಗೋಳನ್ನು ವರ್ಣಿಸುವ ಕಾವ್ಯಭಾಗಗಳನ್ನು ಕೇಳಬಾರದೆಂದೂ ಅವನ್ನು ಅಳಿಸಿಹಾಕಬೇಕೆಂದೂ ವಿಧಿಸಿದನು. ಅವನ ಶಿಷ್ಯನಾದ ಅರಿಸ್ಟಾಟಲನಾದರೋ, ರುದ್ರನಾಟಕವು ಕರುಣೆಯನ್ನೂ ಭಯವನ್ನೂ ಎಬ್ಬಿಸಿ ಆ ಮೂಲಕವೇ ಅವುಗಳ ಶೋಧನೆಯನ್ನು ಸಾಧಿಸುತ್ತದೆಂದು ಹೇಳಿದನು. ಎರಡು ಪಕ್ಷಗಳೂ ಇಂದಿಗೂ ಜೀವಂತವಾಗಿವೆ. ಆದರೆ ಅವರ ಕಾಲದಲ್ಲಿ ಕಾವ್ಯವೆಂದರೆ ಬಹುಮಟ್ಟಿಗೆ ಸಭೆಯಲ್ಲಿ ಕೇಳುವ, ನೋಡುವ ವಸ್ತು; ಕಾದಂಬರಿಯು ಒಬ್ಬನೇ ಕುಳಿತು ಓದುವ ವಸ್ತು. ಪ್ರಶ್ನೆಯ ಮರ್ಮವು ಈ ಭೇದದಲ್ಲಿ ಅಡಗಿದೆ.

ಕನ್ನಡನಾಡು ಮಕ್ಕಳಿಂದ ದುಃಖವನ್ನು ಎಂದೂ ಮರೆಮಾಡಿದುದಿಲ್ಲ. ಗೋವಿನ ಹಾಡನ್ನು ಎಳೆಯರಿಗೇ ಕಲಿಸುತ್ತ ಬಂದಿದ್ದೇವೆ. ಅದರಲ್ಲಿ ಪುಣ್ಯಕೋಟಿಯು ಕರುವನ್ನು ಒಪ್ಪಿಸಿ ಸಾವಿಗೆ ಸಿದ್ಧವಾಗಿ ಹೊರಡುತ್ತದೆ; ಕೊನೆಗೆ ಹಸುವು ಉಳಿದರೂ ಹುಲಿಯು ತಾನೇ ಪ್ರಾಣ ಬಿಡುತ್ತದೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿಯು ಸ್ಮಶಾನಕ್ಕೆ ಬರುತ್ತಾಳೆ. ಅಲ್ಲಿ ಕಡೆಗೆ ಮಗನು ಬದುಕುತ್ತಾನೆ, ನಿಜ. ಆದರೆ ಅಭಿಮನ್ಯುವು ಬದುಕಿ ಬರುವುದಿಲ್ಲ. ಈ ಕಥೆಗಳನ್ನು ಮಕ್ಕಳು ಕೇಳಿದ್ದು ಗಮಕ ವಾಚನದಲ್ಲಿ, ಹರಿಕಥೆಯಲ್ಲಿ, ಯಕ್ಷಗಾನದ ಬಯಲಿನಲ್ಲಿ. ಮಗ್ಗುಲಲ್ಲಿ ತಾಯಿಯೋ ಅಜ್ಜನೋ ಇದ್ದರು. ಮಗು ಅತ್ತರೆ ಹಿರಿಯರ ಕಣ್ಣೂ ಒದ್ದೆಯಾಗಿತ್ತು, ‘ಹೀಗೇಕಾಯಿತು?’ ಎಂದು ಕೇಳಿದರೆ ಯಾರಾದರೂ ಉತ್ತರ ಕೊಡುತ್ತಿದ್ದರು. ಶೋಕವು ಕರುಣರಸವಾಗಿ ಪರಿಣಮಿಸಲು ಕಾವ್ಯದ ಗುಣದೊಡನೆ ಈ ಸಹವಾಸವೂ ನೆರವಾಗುತ್ತಿತ್ತು.

ಒಂಟಿಯಾದ ಓದಿನ ಅಪಾಯಕ್ಕೆ ಪ್ರಸಿದ್ಧವಾದ ನಿದರ್ಶನ ಜರ್ಮನಿಯದು. 1774ರಲ್ಲಿ ಪ್ರಕಟವಾದ ಗಯಟೆಯ ‘ತರುಣ ವೆರ್ಥರನ ವ್ಯಥೆಗಳು’ ಎಂಬ ಕಾದಂಬರಿಯ ನಾಯಕನು ಕೈಗೂಡದ ಪ್ರೇಮದಿಂದ ಬೆಂದು ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಯುರೋಪಿನ ತರುಣರು ಅವನಂತೆ ನೀಲಿ ಕೋಟನ್ನೂ ಹಳದಿ ಒಳಅಂಗಿಯನ್ನೂ ತೊಟ್ಟರು. ಅವನಂತೆಯೇ ಪ್ರಾಣ ಬಿಟ್ಟವರೂ ಇದ್ದಾರೆಂಬ ಸುದ್ದಿ ಹಬ್ಬಿತು. ಆ ಸುದ್ದಿ ಎಷ್ಟರಮಟ್ಟಿಗೆ ನಿಜವೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ; ಆದರೂ 1775ರಲ್ಲಿ ಲೈಪ್ಸಿಗ್ ನಗರವು ಪುಸ್ತಕದ ಮಾರಾಟವನ್ನೇ ನಿಷೇಧಿಸಿತು. ಅದೇ ವರ್ಷದ ಎರಡನೆಯ ಮುದ್ರಣದಲ್ಲಿ, ತನ್ನ ದಾರಿ ಹಿಡಿಯಬೇಡವೆಂದು ನಾಯಕನೇ ಓದುಗನನ್ನು ಎಚ್ಚರಿಸುವ ಪದ್ಯವನ್ನು ಗಯಟೆಯು ಸೇರಿಸಿದನು.

ಈ ಕೃತಿಯ ರಚನೆಯಲ್ಲಿ ಗಮನಿಸತಕ್ಕ ಒಂದು ವಿಶೇಷವಿದೆ. ಅದು ಬಹುಪಾಲು ವೆರ್ಥರನು ತನ್ನ ಗೆಳೆಯ ವಿಲ್‌ಹೆಲ್ಮನಿಗೆ ಬರೆದ ಪತ್ರಗಳ ರೂಪದಲ್ಲಿದೆ. ಗೆಳೆಯನ ಉತ್ತರಗಳು ಪುಸ್ತಕದಲ್ಲಿಲ್ಲ. ವ್ಯಥೆಪಡುವವನ ದನಿ ಕೇಳುತ್ತದೆ, ಸಂತೈಸುವವನ ದನಿ ಕೇಳುವುದಿಲ್ಲ. ಆ ಉತ್ತರವನ್ನು ಪ್ರೌಢ ಓದುಗನು ತನ್ನ ಅನುಭವದಿಂದ ತುಂಬಿಕೊಂಡಾನು. ಅನುಭವವಿಲ್ಲದ ಎಳೆಯನಿಗೆ ಅದು ಸುಲಭವಲ್ಲ.

ಆಧುನಿಕ ಸಂಶೋಧನೆಯೂ ಇದೇ ದಿಕ್ಕನ್ನು ತೋರಿಸುತ್ತದೆ. ಪತ್ರಿಕೆಗಳು ಆತ್ಮಹತ್ಯೆಯನ್ನು ದೊಡ್ಡದಾಗಿ ಪ್ರಕಟಿಸಿದ ಬಳಿಕ ಅಂಥ ಸಾವುಗಳು ಹೆಚ್ಚುತ್ತವೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ 1974ರಲ್ಲಿ ತೋರಿಸಿ, ಅದಕ್ಕೆ ‘ವೆರ್ಥರ್ ಪರಿಣಾಮ’ವೆಂದು ಹೆಸರಿಟ್ಟರು. 2010ರಲ್ಲಿ ವಿಯೆನ್ನಾದ ಸಂಶೋಧಕರು ಇನ್ನೊಂದು ಮುಖವನ್ನು ಕಂಡರು: ಅಂಥ ಯೋಚನೆಗೆ ಸಿಕ್ಕಿಯೂ ಅದನ್ನು ದಾಟಿ ಬದುಕಿದವರ ವೃತ್ತಾಂತಗಳು ಪ್ರಕಟವಾದ ಬಳಿಕ ಸಾವುಗಳು ಇಳಿಮುಖವಾಗಿದ್ದವು. ಇದಕ್ಕೆ ‘ಪಾಪಗೇನೋ ಪರಿಣಾಮ’ವೆಂದು ಹೆಸರು. ಮೋಟ್ಸಾರ್ಟನ 1791ರ ‘ಮಾಯಾ ಕೊಳಲು’ ಎಂಬ ಗೀತನಾಟಕದಲ್ಲಿ ಹತಾಶನಾದ ಪಾಪಗೇನೋವನ್ನು ಮೂವರು ಬಾಲಕರು ಮಾತನಾಡಿಸಿ ಉಳಿಸುತ್ತಾರೆ. ಇವು ಪತ್ರಿಕಾ ವರದಿಗಳನ್ನು ಕುರಿತ ಅಧ್ಯಯನಗಳು. ಕಾದಂಬರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಸಾವಿನ ವಿಷಯಕ್ಕಿಂತ ಅದನ್ನು ಹೇಳುವ ರೀತಿ ಮುಖ್ಯವೆಂಬ ಸೂಚನೆ ಅವುಗಳಲ್ಲಿದೆ.

ಹಾಗಾದರೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಹದಿನಾರರ ಹುಡುಗನೋ ಹುಡುಗಿಯೋ ಓದಬಹುದೇ? 1933ರ ಈ ಕಾದಂಬರಿಗಿಂತ ಕತ್ತಲೆಯಾದುದು ಕನ್ನಡದಲ್ಲಿ ವಿರಳ. ಚೋಮನು ಬಯಸಿದ್ದು ತಾನೇ ಉಳುವ ಒಂದು ತುಂಡು ಭೂಮಿಯನ್ನು, ಅದು ದೊರೆಯುವುದಿಲ್ಲ. ಕಾಫಿತೋಟದ ಸಾಲವು ಮಕ್ಕಳ ದುಡಿಮೆಯನ್ನು ನುಂಗುತ್ತದೆ. ಒಬ್ಬ ಮಗನನ್ನು ಜ್ವರ ಒಯ್ಯುತ್ತದೆ. ಇನ್ನೊಬ್ಬನು ಜನರೆದುರಿನಲ್ಲೇ ನೀರುಪಾಲಾಗುತ್ತಾನೆ. ಅಸ್ಪೃಶ್ಯನೆಂಬ ಕಾರಣಕ್ಕೆ ಅವನನ್ನು ಎತ್ತುವ ಕೈಯಿಲ್ಲ. ಕೊನೆಗೆ ಉಳಿಯುವುದು ದುಡಿಯ ಸದ್ದು, ಬಳಿಕ ಅದೂ ಇಲ್ಲ.

ಆದರೆ ಇಲ್ಲಿ ಸಾವಿಗೆ ಶೃಂಗಾರವಿಲ್ಲ, ದುಃಖಕ್ಕೆ ಕಾರಣವುಂಟು. ಓದಿ ಮುಗಿಸಿದ ಎಳೆಯ ಮನಸ್ಸು ಚೋಮನಂತೆ ಸಾಯಬೇಕೆಂದು ಬಯಸದು, ‘ಹೀಗೇಕಾಯಿತು?’ ಎಂದು ಕೇಳೀತು. ಆ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ. 1950ರ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1974ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆ ಗೇಣಿದಾರನಿಗೆ ಹಕ್ಕು ಕೊಟ್ಟಿತು. 1976ರ ಕಾಯಿದೆಯು ಜೀತವನ್ನು ನಿಷೇಧಿಸಿತು. ಕಾಯಿದೆಗಳಿಂದ ಎಲ್ಲವೂ ಮುಗಿಯಲಿಲ್ಲವೆಂಬುದನ್ನೂ ತರುಣರು ತಿಳಿಯಬೇಕು. ಈ ಉತ್ತರವನ್ನು ಕಾದಂಬರಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದು ಪಕ್ಕದಲ್ಲಿರುವ ಹಿರಿಯರ ಕೆಲಸ. ಪುಸ್ತಕವನ್ನು ಬೀರುವಿನಲ್ಲಿ ಬೀಗ ಹಾಕಿಟ್ಟರೆ ಆ ಕೆಲಸ ತಪ್ಪಿಸಿಕೊಂಡಂತಾಗುತ್ತದೆಯೇ ಹೊರತು ತರುಣರ ರಕ್ಷಣೆಯಾಗುವುದಿಲ್ಲ.

ಆದುದರಿಂದ ‘ಯಾವ ಪುಸ್ತಕ?’ ಎಂದು ಕೇಳುವುದರ ಜೊತೆಗೆ ‘ಯಾರ ಸಂಗಡ?’ ಎಂದೂ ಕೇಳಬೇಕು. ಹತ್ತು ಹನ್ನೆರಡರ ಮಗುವಿಗೆ ಗೋವಿನ ಹಾಡಿನ ದುಃಖ ಸಾಕು. ಹದಿನೈದು ದಾಟಿದವರಿಗೆ ‘ಚೋಮನ ದುಡಿ’ಯನ್ನು ಕೊಡಬಹುದು, ಕೊಡುವವರು ತಾವು ಮೊದಲು ಓದಿರಬೇಕು, ಅವರು ಓದಿ ಮುಗಿಸಿದ ದಿನ ಮಾತಿಗೆ ಸಿಗಬೇಕು. ಓದುಗನು ಮೊದಲೇ ಮಂಕಾಗಿ, ಊಟ ನಿದ್ದೆ ಬಿಟ್ಟು, ಸಾವಿನ ಮಾತನಾಡುತ್ತಿದ್ದರೆ ಆ ಸಂಗತಿ ಸಾಹಿತ್ಯವಿಮರ್ಶೆಗೆ ಸೇರಿದುದಲ್ಲ. ತಡಮಾಡದೆ ವೈದ್ಯರನ್ನು ಕಾಣಬೇಕು.

ಹೊರನಾಡಿನ ಕನ್ನಡ ಮನೆಗಳಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಮುಂಬಯಿಯಲ್ಲೋ ದಿಲ್ಲಿಯಲ್ಲೋ ಬೆಳೆದ ಹುಡುಗಿಗೆ ಶಾಲೆಯಲ್ಲಿ ಕನ್ನಡ ಪುಸ್ತಕದ ಮಾತನಾಡುವ ಗೆಳತಿ ಸಿಗುವುದು ಕಷ್ಟ; ಬಯಲಾಟದ ಸಭೆಯೂ ದೂರ. ಅವಳು ಚೋಮನನ್ನು ಓದಿದರೆ ಒಂಟಿಯಾಗಿಯೇ ಓದುತ್ತಾಳೆ. ವಿಲ್‌ಹೆಲ್ಮನ ಉತ್ತರ ಅಲ್ಲಿ ಮನೆಯಿಂದಲೇ ಬರಬೇಕು. ಕನ್ನಡ ಕಾದಂಬರಿಯನ್ನು ಮಗಳ ಕೈಗೆ ಕೊಟ್ಟ ತಂದೆತಾಯಿಗಳು ಆ ಸಂಜೆ ಅವಳ ಜೊತೆ ಅರ್ಧ ಗಂಟೆ ಕುಳಿತರೆ, ದುರಂತವೂ ಅವಳಿಗೆ ನಾಡಿನ ಪರಿಚಯವಾದೀತು.