ಗೆರೆ ಎಳೆದ ದಿನ ಹುಟ್ಟಿದ ಕಥೆಗಾರ

ಕಥೆಗಾರ ಕುಂ. ವೀರಭದ್ರಪ್ಪ (ಕುಂವೀ) ಅವರ ಮಾತು ಬಳ್ಳಾರಿಯಲ್ಲಿದೆ ಅಂತ ಗೊತ್ತಾದ ದಿನ ಸಿರಿಗೇರಿ ಕ್ರಾಸಿಗೆ ಬಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತುಂಗಭದ್ರಾ ಕಾಲುವೆ ನೀರುಂಡ ಭತ್ತದ ಗದ್ದೆಗಳು. ಚೀಲದಲ್ಲಿ ಅವರ ‘ಅರಮನೆ’ ಕಾದಂಬರಿ. ಅದರ ಮೇಲೆ ಅವರ ಸಹಿ ಬೀಳಬೇಕೆಂಬುದು ಬಹಳ ದಿನದ ಆಸೆ.

ಕುಂವೀ ಕೊಟ್ಟೂರಿನಲ್ಲಿ ಹುಟ್ಟಿದ್ದು 1953ರ ಅಕ್ಟೋಬರ್ 1ರಂದು. ಆಂಧ್ರ ರಾಜ್ಯ ಹುಟ್ಟಿದ್ದೂ, ಮದರಾಸು ರಾಜ್ಯದಲ್ಲಿದ್ದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ದಿನ. ನಮ್ಮ ಸಿರುಗುಪ್ಪ ಈಚೆ ಉಳಿಯಿತು. ಆದೋನಿ, ಆಲೂರು, ರಾಯದುರ್ಗ ಆಚೆ ಹೋದವು. ಬೀಗತನಗಳು ಮಾತ್ರ ಆ ಗಡಿಗೆರೆ ನೋಡಿ ನಡೆಯಲಿಲ್ಲ. ಕುಂವೀ ದಶಕಗಳ ಕಾಲ ಮೇಷ್ಟ್ರಾಗಿದ್ದದ್ದು ಆಂಧ್ರದ ಹಳ್ಳಿಗಳಲ್ಲಿ, ಬರೆದದ್ದು ಕನ್ನಡದಲ್ಲಿ. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಅರಮನೆ’ಯಲ್ಲಿ ಥಾಮಸ್ ಮನ್ರೋ ಬರುತ್ತಾನೆ. 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗೆ ಕಲೆಕ್ಟರಾಗಿ ಬಂದವನು ಅವನು. ಬಳ್ಳಾರಿ, ಅನಂತಪುರ, ಕಡಪ ಎಲ್ಲ ಆಗ ಒಂದೇ ಆಡಳಿತದಲ್ಲಿದ್ದವು. ಕಾದಂಬರಿಯ ಭಾಷೆಯಲ್ಲಿ ಅವು ಈಗಲೂ ಒಂದೇ ಎಂದು ನನಗನಿಸುತ್ತದೆ.

ವೇದಿಕೆ ಹತ್ತಿದರೂ ಕುಂವೀ ಅವರ ಕನ್ನಡ ಇಸ್ತ್ರಿ ಹಾಕಿಕೊಳ್ಳುವುದಿಲ್ಲ. ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ನನ್ನ ಮೊಣಕೈ ತಟ್ಟಿ, “ಈ ಸಾರು ನಮ್ಮಂಗ ಮಾತಾಡ್ತಾರಲ್ರೀ!” ಅಂದರು. ನನಗೆ ಗಂಟಲು ಬಿಗಿಯಿತು. ಚಿಕ್ಕಂದಿನಲ್ಲಿ ನನ್ನ ಮನೆಮಾತಿನ ಎಷ್ಟೋ ಪದಗಳ ಕೆಳಗೆ ಕೆಂಪು ಗೆರೆ ಬಿದ್ದಿತ್ತು. ಅವೇ ಪದಗಳು ಇಲ್ಲಿ ಮೈಕಿನಲ್ಲಿ ತಲೆಯೆತ್ತಿ ಓಡಾಡುತ್ತಿದ್ದವು.

ಇನ್ನೊಂದು ಲಾಭವೂ ಆಯಿತು. ಒಬ್ಬನೇ ಓದುವಾಗ ‘ಅರಮನೆ’ಯ ಉದ್ದುದ್ದ ವಾಕ್ಯಗಳಲ್ಲಿ ನಾನು ಎಡವುತ್ತಿದ್ದೆ. ಅವರು ಎಲ್ಲಿ ಉಸಿರು ತಗೊಳ್ಳುತ್ತಾರೆ, ಎಲ್ಲಿ ದನಿ ಏರಿಸಿ ಥಟ್ಟನೆ ಇಳಿಸುತ್ತಾರೆ ಅನ್ನೋದನ್ನು ಕಿವಿಯಾರೆ ಕೇಳಿದ ಮೇಲೆ ತೊಡಕು ಬಿಚ್ಚಿಕೊಂಡಿತು. ಅದು ಕಣ್ಣಿಗಿಂತ ಬಾಯಿಗೆ ಒದಗುವ ಗದ್ಯ. ಕಟ್ಟೆ ಮೇಲೆ ಕೂತು ಹಿರಿಯರು ಹೇಳುವ ಕಥೆಗೆ ಎಲ್ಲಿಯ ಪೂರ್ಣವಿರಾಮ?

ಸಹಿ ಸಿಕ್ಕಿತು. ವಾಪಸು ಬಸ್ಸಿನಲ್ಲೂ ಅದೇ ರೈತರು ಜೊತೆಯಾದರು. ಪುಸ್ತಕ ಇಸಿದುಕೊಂಡು ಸಹಿಯ ಮೇಲೆ ಬೆರಳಾಡಿಸಿ, “ನನಗ ಓದಾಕ ಬರಂಗಿಲ್ಲ, ನೀವಾ ಒಂದೀಟು ಓದ್ರಿ” ಅಂದರು. ಕುಂವೀ ಉಸಿರು ತಗೊಂಡಲ್ಲೇ ನಾನೂ ಉಸಿರು ತಗೊಳ್ಳುತ್ತ ಓದಿದೆ. ಸಿರಿಗೇರಿ ಕ್ರಾಸ್ ಬರುವಷ್ಟರಲ್ಲಿ ಮುಂದಿನ ಸೀಟಿನವರೂ ಹಿಂದಕ್ಕೆ ತಿರುಗಿ ಕೂತಿದ್ದರು.